ಕಾಲು ಅಳತೆಯ ಕುಂಚಿಗೆ

"ಹೊಲಿಗಿ ಕಲಿಯಾಕ ಹೋಗೂದಾದ್ರ ಹೋಗು. ಆದ್ರ ರೊಟ್ಟಿ ಬಡದು ಹೋಗು. ನಿನ್ನ ಮಿಷನ್ನು ಬಂದು ರೊಟ್ಟಿ ಬಡೀತೈತೇನ?"

ಮುದ್ದೇಬಿಹಾಳದ ಊರಂಚಿನ ಆ ಮನೆಯಲ್ಲಿ ಕಸ್ತೂರೆವ್ವ ಈ ಮಾತನ್ನು ದಿನಾ ಬೆಳಗ್ಗೆ ಎಮ್ಮೆ ಹಿಂಡಿ ಒಳಗೆ ಬಂದ ಕೂಡಲೇ ಹೇಳುತ್ತಿದ್ದಳು. ಹೇಳದಿದ್ದರೆ ಅವಳಿಗೆ ಚಹಾ ರುಚಿಸುತ್ತಿರಲಿಲ್ಲ ಎಂದು ಕಾಣುತ್ತದೆ. ಅಷ್ಟು ಹೊತ್ತಿಗೆ ಸೊಸೆ ಶಂಕ್ರೆವ್ವ ಬುಟ್ಟಿಯ ತುಂಬ ರೊಟ್ಟಿ ಬಡಿದು, ಹಂಚು ಇಳಿಸಿ, ಕೈ ತೊಳೆಯುತ್ತಿರುತ್ತಿದ್ದಳು.

"ಬಡದೇನ್ರಿ ಅತ್ತಿ. ಬುಟ್ಟ್ಯಾಗ ನೋಡ್ರಿ."

"ನೋಡೇನಿ. ಒಂದ ಕಡೆ ದಪ್ಪ, ಒಂದ ಕಡೆ ತೆಳ್ಳಗ. ನಿನ್ನ ಚಿತ್ತ ಎಲ್ಲೈತಿ ಅಂತ ರೊಟ್ಟಿ ನೋಡಿದ್ರ ತಿಳೀತೈತಿ."

ಮೂಲೆಯಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದ ಸಾತವ್ವಜ್ಜಿ ತಕಲಿ ತಿರುಗಿಸುವುದನ್ನು ನಿಲ್ಲಿಸಿದಳು. ಕಸ್ತೂರೆವ್ವನಿಗೆ ಇವಳು ಅತ್ತೆ. "ಕಸ್ತೂರಿ, ನೀ ಹೊಸದಾಗಿ ಈ ಮನಿಗಿ ಬಂದಾಗ ಬಡದ ರೊಟ್ಟಿ ನಾಯಿ ಸೈತ ಮೂಸಿ ನೋಡಿ ಹೋಗ್ತಿತ್ತು" ಎಂದಳು.

"ನೀವು ಸುಮ್ನ ನೂಲ್ರಿ ಅತ್ತಿ."

ಹೀಗೆ ಒಂದೇ ಸೂರಿನಡಿ ಇಬ್ಬರು ಅತ್ತೆಯರು. ಕಸ್ತೂರೆವ್ವನ ಗಂಡ ರೇವಣಪ್ಪ ಮಾತಿಗೆ ಬಹಳ ಬಡವ. ಹೊಲ, ಎರಡು ಎತ್ತು, ಒಂದು ಎಮ್ಮೆ ಇವಿಷ್ಟರ ಜೊತೆಗೆ ಮಾತ್ರ ಮಾತಾಡುತ್ತಿದ್ದ. ಮಗ ಬೀರಣ್ಣ ಆಲಮಟ್ಟಿಯ ಆಣೆಕಟ್ಟಿನ ಕಚೇರಿಯಲ್ಲಿ ಕಾರಕೂನ. ರಜೆ ಸಿಕ್ಕಾಗ ಬಂದು ಹೋಗುವವ. ಮಗಳು ಲಗಮವ್ವನಿಗೆ ಹನ್ನೆರಡು ವರ್ಷ. ಎಲ್ಲರ ಬಾಯಲ್ಲಿ ಲಗಮಿ. ಅಪ್ಪ ಉಳಿಸಿದ ಮಾತನ್ನೆಲ್ಲ ಇವಳು ಖರ್ಚು ಮಾಡುತ್ತಿದ್ದಳು.

ಶಂಕ್ರೆವ್ವ ದೇವರ ಹಿಪ್ಪರಗಿಯ ಹುಡುಗಿ. ಮ್ಯಾಟ್ರಿಕ್‌ನಲ್ಲಿ ಗಣಿತ ಕೈಕೊಟ್ಟಿತ್ತು. ಇನ್ನೊಮ್ಮೆ ಕೂಡುತ್ತೇನೆ ಎನ್ನುವಷ್ಟರಲ್ಲಿ ಮದುವೆಯಾಯಿತು. ಮದುವೆಯಲ್ಲಿ ಅಪ್ಪ ಒಂದು ಹೊಲಿಗೆ ಮಿಷನ್ನು ಕೊಟ್ಟಿದ್ದ. ಅದು ಪಡಸಾಲೆಯಲ್ಲಿ ಕೂತಿತ್ತು. ಊರಿನ ಮಹಿಳಾ ಮಂಡಳದವರು ಹೊಲಿಗೆ ಮತ್ತು ಉಡುಪು ವಿನ್ಯಾಸದ ಒಂದು ವರ್ಷದ ತರಗತಿ ತೆರೆದಾಗ ಅವಳು ಗಂಡನನ್ನು ಕಾಡಿಬೇಡಿ ಹೆಸರು ಹಚ್ಚಿಸಿದ್ದಳು. "ಒಂದರೆ ಪರೀಕ್ಷಾ ಪಾಸಾಗಬೇಕ್ರಿ ನಾ. ಫೇಲಾದಾಕಿ ಅಂತ ಹೇಳಿಕೊಂಡು ಮುದುಕಿ ಆಗೂದು ನನ್ನ ಕಡಿಂದ ಆಗೂದಿಲ್ಲ" ಎಂದಿದ್ದಳು. ಬೀರಣ್ಣ ಅವ್ವನನ್ನು ಒಪ್ಪಿಸಿದ. ಕಸ್ತೂರೆವ್ವ ಒಪ್ಪಿದಳು, ಆದರೆ ಒಪ್ಪಿದ್ದನ್ನು ದಿನಾ ಬೆಳಗ್ಗೆ ನೆನಪು ಮಾಡಿಕೊಡುತ್ತಿದ್ದಳು.

ಅದು ಎಪ್ಪತ್ತೇಳನೆಯ ಇಸವಿ. ಮಳೆಗಾಲ ಮುಗಿಯುತ್ತ ಬಂದಿತ್ತು, ಪರೀಕ್ಷೆ ದೀಪಾವಳಿಯ ಆಚೆಗಿತ್ತು. ತರಗತಿಯ ಶಮ್ಶುನ್ನೀಸಾ ಟೀಚರ್ ಹುಡುಗಿಯರನ್ನೆಲ್ಲ ಸುತ್ತ ಕೂಡಿಸಿಕೊಂಡು ಹೇಳಿದರು:

"ನೋಡ್ರಿ ಬೇಟಾ, ವಿಜಾಪುರದಿಂದ ಪರೀಕ್ಷಾ ಮಾಡಾಕ ಬಾಯಾರು ಬರ್ತಾರ. ಒಬ್ಬೊಬ್ಬರು ಒಂದೊಂದು ಡ್ರೆಸ್ಸು. ಚಿತ್ರಾ ನೀವ ತಗೀಬೇಕು, ನೀವ ಕತ್ತರಸಬೇಕು, ನೀವ ಹೊಲೀಬೇಕು. ಯಾರಿಗರೆ ತೊಡಿಸಿ ಅವರ ಮುಂದ ನಿಂದ್ರಸಬೇಕು. ಪುಸ್ತಕದಾಗಿಂದು ನಕಲ ಮಾಡಿದ್ರ ಮಾರ್ಕು ಇಲ್ಲ."

"ಮತ್ತ ಎಲ್ಲಿಂದ ತರೂದ್ರಿ ಟೀಚರ್?" ಒಬ್ಬಳು ಕೇಳಿದಳು.

"ಮನ್ಯಾಗ ನೋಡ್ರಿ. ಹೊಲದಾಗ ನೋಡ್ರಿ. ನಮ್ಮ ಮಂದಿ ಹೆಂಗ ಉಡ್ತಾರ, ಹೆಂಗ ಹೊದೀತಾರ ನೋಡ್ರಿ. ಅದರಾಗ ಒಂದು ಹೊಸದು ಹುಡುಕ್ರಿ."

ಶಂಕ್ರೆವ್ವ ಆ ದಿನ ದಾರಿಯುದ್ದಕ್ಕೂ ನೋಡುತ್ತ ಬಂದಳು. ಸೀರೆ, ಧೋತರ, ಪೋಲ್ಕಾ. ಏನೂ ಹೊಳೆಯಲಿಲ್ಲ. ಮನೆ ಹತ್ತಿರ ಬರುವಾಗ ಜಿಟಿಜಿಟಿ ಮಳೆ ಹಿಡಿಯಿತು. ಎದುರಿನಿಂದ ಲಗಮಿ ಅಪ್ಪನ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಓಡಿ ಬರುತ್ತಿದ್ದಳು. ಕಂಬಳಿಯ ಮೂಲೆ ನೆತ್ತಿಯ ಮೇಲೆ ಚೂಪಾಗಿ ನಿಂತು, ಉಳಿದದ್ದು ಬೆನ್ನ ಮೇಲೆ ಇಳಿಬಿದ್ದು, ಓಡಿದಂತೆಲ್ಲ ಹಿಂದೆ ಹಾರುತ್ತಿತ್ತು. ಶಂಕ್ರೆವ್ವ ಮಳೆಯಲ್ಲೇ ನಿಂತುಬಿಟ್ಟಳು.

"ವೈನಿ, ತೋಯಿಸಿಕೊಂತ ಯಾಕ ನಿಂತೀರಿ?"

"ಲಗಮಿ, ಹಿಂದಕ ಹೋಗಿ ಇನ್ನೊಮ್ಮೆ ಓಡಿ ಬಾ."

ಲಗಮಿಗೆ ಅಷ್ಟೇ ಬೇಕಾಗಿತ್ತು. ನಾಲ್ಕು ಸಲ ಓಡಿ ಬಂದಳು.

ಆ ಸಂಜೆಯೇ ಚಿತ್ರ ಸಿದ್ಧವಾಯಿತು. ಮೊಣಕಾಲು ಮುಚ್ಚುವ ಒಂದು ಫ್ರಾಕು. ಭುಜಕ್ಕೆ ಕಸೆ ಕಟ್ಟಿ ಇಳಿಬಿಡುವ ಹೊದಿಕೆ. ಹೊದಿಕೆಗೇ ಕೂಡಿಕೊಂಡು ತಲೆಯ ಮೇಲೆ ಚೂಪಾದ ಕೊಪ್ಪೆ. ಬೇಕಾದರೆ ತಲೆಗೆ ಎಳೆದುಕೊಳ್ಳುವುದು, ಬೇಡವಾದರೆ ಬೆನ್ನಿಗೆ ಬಿಡುವುದು. ಬಟ್ಟೆ ಗುಳೇದಗುಡ್ಡದ ಖಣ. ಕುಪ್ಪಸಕ್ಕೆಂದೇ ನೇಯ್ದ ಆ ಬಟ್ಟೆಯಲ್ಲಿ ಯಾರೂ ಫ್ರಾಕು ಹೊಲಿದಿರಲಿಲ್ಲ. ಶಮ್ಶುನ್ನೀಸಾ ಟೀಚರ್ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದು ನಿನ್ನದ ಐತಿ ಬೇಟಾ" ಎಂದರು. ಶಂಕ್ರೆವ್ವನಿಗೆ ಅಂದು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ತರಗತಿಯ ಪದ್ಧತಿ ಎಂದರೆ ಮೊದಲು ಕಾಲು ಅಳತೆಯಲ್ಲಿ ಒಂದು ಮಾದರಿ ಹೊಲಿಯಬೇಕು. ನಾಲ್ಕು ಇಂಚು ಇರಬೇಕಾದಲ್ಲಿ ಒಂದು ಇಂಚು. ತಪ್ಪಿದರೆ ಚಿಂದಿ ಹೋಗುತ್ತದೆ, ಬಟ್ಟೆ ಉಳಿಯುತ್ತದೆ. ಶಂಕ್ರೆವ್ವ ತನ್ನ ಹಳೆಯ ಕುಪ್ಪಸದಲ್ಲಿ ಉಳಿದ ಕೆಂಪು ಖಣದ ತುಂಡಿನಿಂದ ಗೊಂಬೆಗಾಗುವಷ್ಟು ಫ್ರಾಕು, ಹೊದಿಕೆ ಹೊಲಿದಳು. ಫ್ರಾಕಿನ ಮಾದರಿಯನ್ನು ಟೀಚರ್ ಗೋಡೆಗೆ ಸಿಕ್ಕಿಸಿಟ್ಟುಕೊಂಡರು. ಹೊದಿಕೆಗೆ ಕಸೆ ಹಚ್ಚುವುದು ಬಾಕಿ ಇತ್ತು ಎಂದು ಅದನ್ನು ಕೈಚೀಲದಲ್ಲಿಟ್ಟು ಮನೆಗೆ ತಂದಳು.

ಎಮ್ಮೆಯ ಹಗ್ಗ ಎಳೆ ಬಿಟ್ಟಿತ್ತು. ಕಸ್ತೂರೆವ್ವ ಕತ್ತರಿ ಹುಡುಕುತ್ತ ಸೊಸೆಯ ಚೀಲಕ್ಕೆ ಕೈ ಹಾಕಿದಳು. ಕತ್ತರಿ ಸಿಗಲಿಲ್ಲ, ಕೆಂಪು ಖಣದ ಮೆತ್ತನೆಯದೊಂದು ಸಿಕ್ಕಿತು. ಬಿಚ್ಚಿ ನೋಡಿದವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಆಮೇಲೆ ಸೀದಾ ಸಾತವ್ವನ ಹತ್ತಿರ ಹೋದಳು.

"ಅತ್ತಿ, ಇದೇನೈತಿ ನೋಡ್ರಿ."

ಸಾತವ್ವ ಅದನ್ನು ಕಣ್ಣಿಗೆ ತಾಗಿಸಿಕೊಂಡು ನೋಡಿದಳು. "ಕುಂಚಿಗಿ" ಎಂದಳು.

"ಕುಂಚಿಗೀನ ಹೌದಲ್ರಿ?"

"ನನ್ನ ಮಕ್ಕಳೆಲ್ಲ ಕುಂಚಿಗ್ಯಾಗ ಬೆಳದಾರ. ನನಗ ಕುಂಚಿಗಿ ತಿಳಿಯೂದಿಲ್ಲೇನ?"

ತಪ್ಪೇನೂ ಇರಲಿಲ್ಲ. ಆ ಸೀಮೆಯಲ್ಲಿ ಕೂಸಿನ ತಲೆಗೆ ಹಾಕಿ ಬೆನ್ನಿಗೆ ಇಳಿಬಿಡುವ ಕುಂಚಿಗೆ ಇರುವುದು ಹಾಗೆಯೇ: ಖಣದ್ದು, ಚೂಪು ತಲೆಯದ್ದು. ಒಂದೇ ಒಂದು ಸಂಶಯ ಕಸ್ತೂರೆವ್ವನಿಗೆ ಬಂತು.

"ತುಸು ಸಣ್ಣದಾತಲ್ರಿ?"

"ಮೊದಲನೇ ಸಲ ಅಲ್ಲ? ಕೂಸಿನ ಅಳತಿ ಆಕಿಗೇನು ಗೊತ್ತು."

"ಹೌದ ಹೌದು." ಕಸ್ತೂರೆವ್ವನ ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. "ಯಾರಿಗೂ ಹೇಳದ ಹೊಲಿಯಾಕತ್ತಾಳ ನೋಡ್ರಿ. ನಾ ದಿನಾ ಆಕೀನ ರೊಟ್ಟಿ ಬಡಿ, ರೊಟ್ಟಿ ಬಡಿ ಅಂತ ಹೊಗಿ ಮುಂದ ಕುಂಡ್ರಸೇನಲ್ರಿ!"

"ಈಗ ಬಾಯಿ ಬಿಡಬ್ಯಾಡ" ಎಂದು ಸಾತವ್ವ ಎಚ್ಚರಿಸಿದಳು. "ಮೂರು ತಿಂಗಳು ತುಂಬೂತನ ಮಾತಾಡಬಾರದು. ಆಕೀನ್ನೂ ಕೇಳಬಾರದು. ದೃಷ್ಟಿ ತಾಗ್ತೈತಿ. ಇದು ಈ ಮನಿ ಪದ್ಧತಿ."

ಕಸ್ತೂರೆವ್ವ ಕುಂಚಿಗೆಯನ್ನು ಇದ್ದಂತೆಯೇ ಮಡಚಿ ಚೀಲದಲ್ಲಿಟ್ಟಳು. ಬಾಯಿ ಬಿಡದಿರುವುದು ಅವಳ ಹುಟ್ಟುಗುಣವಲ್ಲ. ಗಂಡನಿಗೆ ಹೇಳಲೇಬೇಕು ಎಂದು ಹೇಳಿದಳು. ಲಗಮಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು. ಸಿಕ್ಕಿಬಿದ್ದ ಮೇಲೆ ಅವಳಿಂದ ದೇವರ ಮೇಲೆ ಆಣೆ ಮಾಡಿಸಿಕೊಂಡದ್ದೂ ಆಯಿತು. ಮನೆಯಲ್ಲಿ ಗೊತ್ತಿಲ್ಲದೆ ಉಳಿದವಳು ಶಂಕ್ರೆವ್ವ ಒಬ್ಬಳೇ.

ಮರುದಿನ ಅವಳು ಎದ್ದು ಬಂದಾಗ ಅತ್ತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

"ಬಿಡ್ರಿ ಅತ್ತಿ, ನಾ ಬಡೀತೇನಿ."

"ಹೊಗಿ ಮುಂದ ಬರಬ್ಯಾಡ. ಅಲ್ಲಿ ಹಾಲು ಇಟ್ಟೇನಿ, ಕುಡಿ."

ಶಂಕ್ರೆವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಇದು ಹೊಸ ತರಹದ ಬೈಗುಳ ಇರಬೇಕು ಎಂದುಕೊಂಡಳು. ಹಾಲಿನ ವಾಟಗದಲ್ಲಿ ತುಪ್ಪ ತೇಲುತ್ತಿತ್ತು.

"ಅವ್ವ, ನನಗ ಹಾಲು?" ಲಗಮಿ ಕೇಳಿದಳು.

"ನಿನಗ ಚಹಾ ಸಾಕು. ನಿನಗೇನಾಗೇತಿ?"

"ವೈನಿಗೇನಾಗೇತಿ?" ಎಂದು ಲಗಮಿ ಬೇಕೆಂದೇ ಕೇಳಿ, ಅವ್ವನ ಕಣ್ಣು ಕಂಡು ಹೊರಗೆ ಓಡಿದಳು.

ನೀರಿನ ಕೊಡ ಎತ್ತಲು ಹೋದರೆ ಕಸ್ತೂರೆವ್ವ ಕಸಿದುಕೊಂಡಳು. ಬೀಸುವ ಕಲ್ಲಿನ ಹತ್ತಿರ ಸುಳಿಯಗೊಡಲಿಲ್ಲ. ಸೊಸೆಯ ಜೊತೆ ಎಂದೂ ಮಾತಾಡದ ರೇವಣಪ್ಪ ಹೊಲದಿಂದ ಬರುವಾಗ ಟಾವೆಲ್ಲಿನ ತುಂಬ ಹಸಿ ಹುಣಸೆಕಾಯಿ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಸುರಿದು, "ಹಾದ್ಯಾಗ ಬಿದ್ದಿದ್ವು" ಎಂದು ಗೋಡೆಗೆ ಹೇಳಿ ಹೋದ. ಶಂಕ್ರೆವ್ವ ಅದಕ್ಕೆ ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕುಟ್ಟಿ ತೊಕ್ಕು ಮಾಡಿ ರೊಟ್ಟಿಗೆ ಹಚ್ಚಿಕೊಂಡು ತಿಂದಳು. ಅವಳು ನೆಕ್ಕಿ ನೆಕ್ಕಿ ತಿನ್ನುವುದನ್ನು ನೋಡಿ ಇಬ್ಬರು ಅತ್ತೆಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾತವ್ವ ಟ್ರಂಕು ತೆರೆದದ್ದು ಎಲ್ಲಕ್ಕಿಂತ ದೊಡ್ಡ ಸಂಗತಿ. ಅದರಲ್ಲಿ ಅವಳಿಗೆ ಉಡಿ ತುಂಬಿದ ಖಣಗಳಿದ್ದವು, ವರ್ಷಗಳಿಂದ ಕೂಡಿಟ್ಟವು. ಉಡಿ ತುಂಬಿದ ಖಣ ಹೊರಗಿನವರಿಗೆ ಕೊಡುವಂತಿಲ್ಲ, ಮನೆಯೊಳಗೇ ಉಳಿಯಬೇಕು. ಅವಳು ಕೆಂಪು, ಹಸಿರು, ಕುಂಕುಮದ ಬಣ್ಣದ ಖಣಗಳನ್ನು ತೆಗೆದು ಮೊಮ್ಮಗನ ಹೆಂಡತಿಯ ಮಡಿಲಿಗೆ ಹಾಕಿದಳು.

"ತಗೋ. ಹೊಲಿಯಾಕ ಬೇಕಾಗ್ತಾವಲ್ಲ ನಿನಗ."

ಬಟ್ಟೆಗೆ ಏನು ಮಾಡಲಿ ಎಂದು ನಿದ್ದೆಗೆಟ್ಟಿದ್ದ ಶಂಕ್ರೆವ್ವ ಖಣಗಳನ್ನು ಎದೆಗೆ ಅವಚಿಕೊಂಡಳು. ಅಜ್ಜಿಯ ಕಾಲಿಗೆ ಬಿದ್ದಳು. ತನ್ನ ಓದಿನ ಮೇಲೆ ಈ ಮನೆಗೆ ಇಷ್ಟು ಪ್ರೀತಿ ಬಂತಲ್ಲ, ದೇವರು ಕಣ್ಣು ತೆರೆದ ಎಂದುಕೊಂಡಳು. ಮರುದಿನವೇ ತರಗತಿಗೆ ಒಯ್ದು, ಟೀಚರ ಮುಂದೆ, ಉಸಿರು ಹಿಡಿದು ಕತ್ತರಿಸಿದಳು.

ಕತ್ತರಿಸಿದ್ದನ್ನು ಮನೆಗೆ ತಂದು ಹೊಲಿಯಲು ಕುಳಿತರೆ ಮಿಷನ್ನಿಗೆ ಪಟ್ಟಿ ಇಲ್ಲ. ಮೇಲಿನ ಗಾಲಿಗೂ ಕೆಳಗಿನ ಗಾಲಿಗೂ ಸುತ್ತಿದ್ದ ಚರ್ಮದ ಪಟ್ಟಿ ಮಾಯ. ಮಿಷನ್ನಿನ ಮೇಲೆ ಶೇಂಗಾದ ಚೀಲ ಕೂತಿತ್ತು.

"ಅತ್ತಿ, ಮಿಷನ್ನಿನ ಪಟ್ಟಿ ಎಲ್ಲೈತ್ರಿ?"

"ಇರಲಿ ಬಿಡು. ಈಗೇನು ಅವಸರ?"

"ಪರೀಕ್ಷಾ ಹತ್ರ ಬಂತ್ರಿ."

"ಪರೀಕ್ಷಾ ಮುಂದಿನ ವರ್ಷಾನೂ ಬರ್ತೈತಿ. ಕಾಲಿಲೇ ಅದನ್ನ ತುಳಿಯೂದು ಬ್ಯಾಡ."

ಶಂಕ್ರೆವ್ವನಿಗೆ ಸಿಟ್ಟು ನೆತ್ತಿಗೇರಿತು. ಹಾಲು, ತುಪ್ಪ, ಹುಣಸೆಕಾಯಿ ಎಲ್ಲ ಇದಕ್ಕೇ ಎಂದು ಅವಳಿಗೆ ಅನಿಸಿತು. "ರೊಟ್ಟಿ ಬಡದು ಹೋಗು ಅಂದ್ರಿ, ಬಡದು ಹೋದ್ನಿ. ನೀರು ತಂದು ಹೋಗು ಅಂದ್ರಿ, ತಂದು ಹೋದ್ನಿ. ಈಗ ಸಿಹಿ ತಿನಿಸಿ ತಿನಿಸಿ ಕೈ ಕಟ್ಟಿ ಹಾಕಾಕತ್ತೀರಿ. ನಾ ಪಾಸಾಗೂದು ನಿಮಗ ಬ್ಯಾಡ ಅಲ್ರಿ?"

"ಅಯ್ಯ ನನ್ನವ್ವ, ಹಂಗಲ್ಲ..." ಕಸ್ತೂರೆವ್ವ ಇನ್ನೇನು ಹೇಳಿಬಿಡುವವಳಿದ್ದಳು. ಮೂಲೆಯಿಂದ ಸಾತವ್ವ ಕೆಮ್ಮಿದಳು. "ಬ್ಯಾಡ ಅಂದ್ರ ಬ್ಯಾಡ" ಎಂದು ಕಸ್ತೂರೆವ್ವ ಎದ್ದು ಹೋದಳು. ಆ ದಿನ ಹಾಲಿನ ವಾಟಗ ಹಾಗೇ ಕೆನೆಗಟ್ಟಿ ಉಳಿಯಿತು. ಅತ್ತೆ ಸೊಸೆ ಇಬ್ಬರೂ ಉಣ್ಣಲಿಲ್ಲ.

ತರಗತಿಯಲ್ಲಿ ಮಿಷನ್ನುಗಳು ಕಡಿಮೆ, ಹುಡುಗಿಯರು ಹೆಚ್ಚು. ಪಾಳಿ ಬರುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಕೈಯಲ್ಲೇ ಹೊಲಿಯಲೇ ಎಂದು ಕೇಳಿದರೆ ಶಮ್ಶುನ್ನೀಸಾ ಟೀಚರ್ ತಲೆಯಾಡಿಸಿದರು. "ನಡಿಯೂದಿಲ್ಲ ಬೇಟಾ. ಮಿಷನ್ ಹೊಲಿಗಿನ ಬೇಕು. ಮನ್ಯಾಗ ಕೂತು ಸಮಾಧಾನಲೇ ಮಾತಾಡು." ಶಂಕ್ರೆವ್ವನಿಗೆ ಮತ್ತೆ ಆ ಗಣಿತದ ಪೇಪರು ಕಣ್ಣ ಮುಂದೆ ಬಂತು. ಇನ್ನೊಂದು ಸಲ ಫೇಲಾದರೆ ಆಯಿತು, ಮುಂದೆ ಯಾರೂ ತನಗೆ ಕಲಿ ಎನ್ನುವುದಿಲ್ಲ.

ಇತ್ತ ಕಸ್ತೂರೆವ್ವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಬಳೆಗಾರ ಮಲಿಕಸಾಬ ದೇವರ ಹಿಪ್ಪರಗಿಯ ಸಂತೆಗೆ ಹೊರಟವನು ದಾರಿಯಲ್ಲಿ ಸಿಕ್ಕ. "ನಮ್ಮ ಬೀಗತಿಗಿ ಐತಾರ ಬಾ ಅಂತ ಹೇಳ್ರಿ. ಬ್ಯಾರೆ ಏನೂ ಹೇಳಬ್ಯಾಡ್ರಿ" ಎಂದಳು. ಅಷ್ಟು ಹೇಳಿದರೆ ಮಲಿಕಸಾಬನಿಗೆ ತಿಳಿಯಲಿಕ್ಕಿಲ್ಲ ಎಂದು ಮಿಕ್ಕದ್ದನ್ನೂ ಹೇಳಿದಳು. ಆಲಮಟ್ಟಿಗೆ ಹೋಗುವವರ ಕೈಯಲ್ಲಿ ಮಗನಿಗೂ ಹೇಳಿ ಕಳಿಸಿದಳು. ನೆರೆಮನೆಯವರಿಗೆ ಮಾತ್ರ ಯಾರಿಗೂ ಹೇಳಬೇಡಿ ಎಂದೇ ಹೇಳಿದಳು.

ರವಿವಾರ ಮಧ್ಯಾಹ್ನ ಬಸ್ಸಿಳಿದು ಶಂಕ್ರೆವ್ವನ ತಾಯಿ ಮಾಳವ್ವ ಬಂದಳು. ಒಂದು ಬುಟ್ಟಿ ತಲೆಯ ಮೇಲೆ, ಒಂದು ಗಂಟು ಕಂಕುಳಲ್ಲಿ. ಕಸ್ತೂರೆವ್ವ ಕಾಲಿಗೆ ನೀರು ಕೊಟ್ಟು, ಬೀಗತಿಯನ್ನು ತಬ್ಬಿಕೊಂಡು, ಬುಟ್ಟಿಯನ್ನು ಪಡಸಾಲೆಯಲ್ಲಿ ಇಳಿಸಿದಳು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಣ್ಣೆಗಾಯಿ, ಮೊಸರು ಬುತ್ತಿ ಒಂದೊಂದೇ ಹೊರಗೆ ಬಂದವು. ನೆರೆಮನೆಯ ಹೆಂಗಸರು ಕರೆಯದೆಯೂ ಬಂದು ಸಾಲಾಗಿ ಕುಳಿತರು.

ಮಾಳವ್ವ ಅಡುಗೆಮನೆಗೆ ಹೋಗಿ, ಬೆಳ್ಳುಳ್ಳಿ ಸುಲಿಯುತ್ತಿದ್ದ ಮಗಳ ಮುಖ ನೇವರಿಸಿ ಲಟಲಟ ನೆಟಿಗೆ ಮುರಿದಳು.

"ಎಷ್ಟನೇದು ನಡದೈತವ್ವ?"

"ಏನು ಎಷ್ಟನೇದು?"

"ತಿಂಗಳ."

ಶಂಕ್ರೆವ್ವನ ಕೈಯಿಂದ ಬೆಳ್ಳುಳ್ಳಿ ಉದುರಿತು. "ಯಾರಿಗಿ?"

"ಹುಚ್ಚಿ, ನನಗೇನು ನಾಚಿಕಿ? ಕುಂಚಿಗಿ ಹೊಲಿದಿಟ್ಟೀ ಅಂತಲ್ಲ, ಮಲಿಕಸಾಬ ಎಲ್ಲಾ ಹೇಳಿದ."

ಹಾಲು, ತುಪ್ಪ, ಕೊಡ, ಹುಣಸೆಕಾಯಿ, ಅಜ್ಜಿಯ ಟ್ರಂಕು, ಮಿಷನ್ನಿನ ಪಟ್ಟಿ, ಎಲ್ಲ ಒಂದರ ಹಿಂದೆ ಒಂದು ಶಂಕ್ರೆವ್ವನ ತಲೆಯಲ್ಲಿ ಸಾಲುಗಟ್ಟಿ ನಿಂತವು. ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗು ಅಳುವಾಯಿತು, ಮತ್ತೆ ನಗುವಾಯಿತು. ವಿಷಯ ತಿಳಿದು ಮಾಳವ್ವ ಹಣೆ ಬಡಿದುಕೊಂಡಳು.

"ಈಗ ಬಾಯಿ ತೆಗೀಬ್ಯಾಡ. ಮಂದಿ ಬಂದು ಕುಂತಾರ. ಉಂಡು ಹೋಗ್ಲಿ, ಆಮ್ಯಾಲ ನೋಡೋಣು."

ಶಂಕ್ರೆವ್ವ ಬಾಗಿಲಿನಿಂದ ಇಣುಕಿದಳು. ಕಸ್ತೂರೆವ್ವ ಎಲ್ಲರಿಗಿಂತ ಮೊದಲು ಒಂದು ತಾಟು ಬೇರೆ ಇಟ್ಟು, ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದಳು. ಅಷ್ಟು ಸಂತೋಷದ ಮುಖವನ್ನು ಸೊಸೆ ಈ ಮನೆಗೆ ಬಂದ ಮೇಲೆ ಕಂಡಿರಲಿಲ್ಲ.

"ಸುಳ್ಳಿಂದು ಹೋಳಿಗಿ ನನಗ ಇಳಿಯೂದಿಲ್ಲವ್ವ" ಎಂದು ಕೈಚೀಲ ತೆಗೆದುಕೊಂಡು ಹೊರಗೆ ಬಂದಳು. "ಅತ್ತಿ, ತಪ್ಪು ತಿಳೀಬ್ಯಾಡ್ರಿ. ನಾ ಬಸುರಿಲ್ಲ."

ಅದೇ ಹೊತ್ತಿಗೆ ಪೇಡೆಯ ಪೊಟ್ಟಣ ಹಿಡಿದು ಹೊಸ್ತಿಲು ದಾಟುತ್ತಿದ್ದ ಬೀರಣ್ಣ ಅಲ್ಲೇ ನಿಂತ. "ಇಲ್ಲ?" ಎಂದ.

"ಇಲ್ರಿ."

"ಮತ್ತ ನಾ ಕಚೇರಿಗೆಲ್ಲ ಪೇಡೆ ಹಂಚಿ ಬಂದೇನಿ!"

ಶಂಕ್ರೆವ್ವ ಚಿತ್ರದ ಹಾಳೆಯನ್ನು ಬಿಡಿಸಿದಳು. ಲಗಮಿಯನ್ನು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಕೆಂಪು ಖಣದ ಆ ಗೊಂಬೆಯ ಹೊದಿಕೆಯನ್ನು ಅವಳ ಎದೆಗೆ ಹಿಡಿದು ತೋರಿಸಿದಳು. "ಇದು ಕುಂಚಿಗಿ ಅಲ್ರಿ ಅತ್ತಿ. ಇದು ನಮ್ಮ ಲಗಮೀದು. ಕಾಲು ಅಳತಿಲೆ ಹೊಲಿದದ್ದು. ಇದರ ನಾಕ ಪಟ್ಟು ದೊಡ್ಡದು ಹೊಲಿದ್ರ ಈಕಿಗಿ ಬರೋಬ್ಬರಿ ಆಗ್ತೈತಿ. ಕಂಬಳಿ ಕೊಪ್ಪಿ ನೋಡಿ ತಗದ ಚಿತ್ರಾರಿ ಇದು."

ಕಸ್ತೂರೆವ್ವ ಹಾಳೆ ನೋಡಿದಳು, ಹೊದಿಕೆ ನೋಡಿದಳು, ನೆರೆಯ ಹೆಂಗಸರ ಮುಖ ನೋಡಿದಳು. ತುಪ್ಪದ ಗಿಂಡಿಯನ್ನು ಕೆಳಗಿಟ್ಟು ದನದ ಕೊಟ್ಟಿಗೆಗೆ ನಡೆದುಬಿಟ್ಟಳು.

ಮೊದಲು ನಕ್ಕವಳು ಸಾತವ್ವ. ಹಲ್ಲಿಲ್ಲದ ಬಾಯಿ ತೆರೆದು ಮೈಯೆಲ್ಲ ಅಲ್ಲಾಡಿಸಿ ನಕ್ಕಳು. "ಸಣ್ಣದಾತಲ್ರಿ ಅಂತ ಕಸ್ತೂರಿ ಕೇಳಿದ್ಲು! ಆಕಿಗಿ ಅಳತಿ ಗೊತ್ತಿಲ್ಲ ಅಂತ ನಾನ ಅಂದ್ನೆಲ್ಲ! ಹೊಲಿಗಿ ಸಾಲಿಗಿ ಹೋಗಾಕಿಗಿ!" ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡರು.

ಶಂಕ್ರೆವ್ವ ಕೊಟ್ಟಿಗೆಗೆ ಹೋದಳು. ಕಸ್ತೂರೆವ್ವ ಎಮ್ಮೆಯ ಮೈ ತಿಕ್ಕುತ್ತಿದ್ದಳು.

"ಅತ್ತಿ."

"ನನಗ ಮಂದಿ ಮುಂದ ನಾಚಿಕಿ ಆಗೇತಿ, ಅದಿರಲಿ. ನನಗ ಕೆಟ್ಟ ಅನಿಸೂದು ಅದಕ್ಕಲ್ಲ." ಕಸ್ತೂರೆವ್ವ ಈ ಕಡೆ ತಿರುಗಲಿಲ್ಲ. "ಹದಿನೈದು ದಿನ ಎಷ್ಟು ಖುಷಿಲಿದ್ನಿ ನಾ. ಸುಮ್ನ ಹೋತು."

"ಸುಮ್ನ ಯಾಕ ಹೋಗ್ತೈತ್ರಿ? ನನ್ನವ್ವ ಸೈತ ನನಗ ಇಷ್ಟು ಹಾಲು ಕುಡಿಸಿಲ್ಲ. ಒಂದ ಮಾತು ನನ್ನ ಕೇಳಿದ್ರ ಆಗ್ತಿತ್ತಲ್ರಿ?"

"ಕೇಳಬಾರದು ಅಂತ ಪದ್ಧತಿ."

"ಹಂಗಾರ ನನ್ನದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ. ಪದ್ಧತೀದು ತಪ್ಪು."

ಕಸ್ತೂರೆವ್ವನ ಬಾಯಿಯ ಕೊನೆ ಸ್ವಲ್ಪ ಅಲುಗಿತು. "ಪಾಸಾಗೂದು ನಿಮಗ ಬ್ಯಾಡ ಅಂದಿ ನೀ ನನಗ."

"ಅಂದ್ನಿರಿ. ಅದು ನನ್ನ ತಪ್ಪು."

"ಹೋಗು, ಜೋಳದ ಚೀಲದಾಗ ಕೈ ಹಾಕು. ನಿನ್ನ ಪಟ್ಟಿ ಅಲ್ಲೈತಿ."

ಜೋಳದ ಚೀಲದಲ್ಲಿ ಪಟ್ಟಿ ಇರಲಿಲ್ಲ. ಮನೆಯ ಮಂದಿಯೆಲ್ಲ ಹುಡುಕಿದರು. ಕೊಟ್ಟಿಗೆಯಲ್ಲಿ ಎಡಗಡೆಯ ಎತ್ತು ತಲೆ ಕೊಡವಿತು, ಗಂಟೆ ಘಣಘಣ ಎಂದಿತು. ಲಗಮಿ ಕಿರುಚಿದಳು: "ವೈನಿ, ಎತ್ತಿನ ಕೊರಳಾಗ ನೋಡ್ರಿ!"

ರೇವಣಪ್ಪ ಜೋಳ ತೆಗೆಯುವಾಗ ಸಿಕ್ಕ ಚರ್ಮದ ಪಟ್ಟಿಯಲ್ಲಿ ಎತ್ತಿಗೆ ಹೊಸ ಗಂಟೆ ಕಟ್ಟಿದ್ದ. ಹೆಚ್ಚಾದ ತುದಿಯನ್ನು ಕೊಯ್ದು ಚೆಲ್ಲಿಯೂ ಇದ್ದ. ಎಲ್ಲರೂ ತನ್ನ ಕಡೆ ನೋಡಿದಾಗ, "ಸುಮ್ನ ಬಿದ್ದಿತ್ತು" ಎಂದ. ಕಸ್ತೂರೆವ್ವ ಅದುವರೆಗೆ ಹಿಡಿದಿಟ್ಟ ಸಿಟ್ಟನ್ನೆಲ್ಲ ಗಂಡನ ಮೇಲೆ ಸುರಿದಳು. ಅದರಿಂದ ಅವಳಿಗೆ ಎಷ್ಟೋ ಹಗುರವಾಯಿತು. ಬಂದು ಎಲ್ಲರಿಗೂ ಹೋಳಿಗೆ ಬಡಿಸಿದಳು. ಬಯಕೆಯ ಬುತ್ತಿಯನ್ನು ಬಸುರಿಲ್ಲದೆಯೇ ಎಲ್ಲರೂ ಹೊಟ್ಟೆ ತುಂಬ ಉಂಡರು. ಪೇಡೆಯೂ ಮುಗಿಯಿತು.

ಬೀರಣ್ಣ ಎತ್ತಿನ ಕೊರಳಿಂದ ಪಟ್ಟಿ ಬಿಚ್ಚಿ, ಪೇಟೆಯಿಂದ ಬೇರೊಂದು ತುಂಡು ತಂದು ತಂತಿಯಿಂದ ಬೆಸೆದು ಕೊಟ್ಟ. ತಂತಿಯ ಗಂಟು ಗಾಲಿಯ ಮೇಲೆ ಬಂದಾಗಲೆಲ್ಲ ಟಕ್ ಎನ್ನುತ್ತ ಮಿಷನ್ನು ಓಡತೊಡಗಿತು. ಮರುದಿನ ಬೆಳಗ್ಗೆ ಶಂಕ್ರೆವ್ವ ಎದ್ದು ಬಂದಾಗ ಒಲೆಯ ಮುಂದೆ ಮತ್ತೆ ಕಸ್ತೂರೆವ್ವನೇ ಕುಳಿತಿದ್ದಳು.

"ಅತ್ತಿ, ಈಗ ನಾ ಬಡೀತೇನಲ್ರಿ."

"ಪರೀಕ್ಷಾ ಮುಗಿಯೂತನ ನಾನ ಬಡೀತೇನಿ. ರೂಢಿ ಆಗೇತಿ." ಆಮೇಲೆ ತಿರುಗಿ, "ಹಾಲಿಗಿ ತುಪ್ಪಾ ಮಾತ್ರ ಹಾಕೂದಿಲ್ಲ" ಎಂದಳು.

ಹಗಲೆಲ್ಲ ಟಕ್ ಟಕ್ ಸದ್ದು. ಸಾತವ್ವ ತನ್ನ ಖಣ ಎಲ್ಲಿ ಹೋಗಿ ಸೇರುತ್ತಿದೆ ಎಂದು ಹತ್ತಿರ ಕುಳಿತು ಕಾವಲು ಕಾದಳು. ಕೊಪ್ಪೆಯ ಚೂಪು ನೆಟ್ಟಗೆ ನಿಲ್ಲುತ್ತಿಲ್ಲ ಎಂದು ಶಂಕ್ರೆವ್ವ ಮೂರು ಸಲ ಬಿಚ್ಚಿ ಹೊಲಿದಳು. ಲಗಮಿ ತೊಟ್ಟು ತೊಟ್ಟು ನೋಡಿ, ಇನ್ನು ಬಿಚ್ಚುವುದೇ ಇಲ್ಲ ಎಂದು ಹಟ ಹಿಡಿದು ಅವ್ವನಿಂದ ಒಂದು ಏಟು ತಿಂದಳು.

ಪರೀಕ್ಷೆಯ ದಿನ ವಿಜಾಪುರದಿಂದ ಬಂದ ಪರೀಕ್ಷಕಿ ಬಾಯಿಯವರು ಕನ್ನಡಕದ ಮೇಲಿನಿಂದ ನೋಡುತ್ತ ಒಂದೊಂದೇ ಹೊಲಿಗೆ ಜಗ್ಗಿ ಪರೀಕ್ಷಿಸಿದರು. ನಗು ಎಂಬುದು ಅವರಿಗೆ ಗೊತ್ತಿದ್ದಂತಿರಲಿಲ್ಲ. ಕಸ್ತೂರೆವ್ವ ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದಳು. ಲಗಮಿಯ ಪಾಳಿ ಬಂತು. ಖಣದ ಫ್ರಾಕು, ಬೆನ್ನಿಗೆ ಹೊದಿಕೆ, ನೆತ್ತಿಯ ಮೇಲೆ ಕೊಪ್ಪೆ. ಅವಳು ಹೇಳಿಕೊಟ್ಟಂತೆ ಒಂದು ಸುತ್ತು ತಿರುಗಿದಳು, ಹೊದಿಕೆ ಹಾರಿ ಕೆಳಗಿಳಿಯಿತು. ಬಾಯಿಯವರು ಅಂಚನ್ನು ತಿರುವಿ, ಒಳಗಿನ ಹೊಲಿಗೆ ನೋಡಿ, "ಈ ಡಿಜೈನಿಗೆ ಏನು ಹೆಸರು?" ಎಂದು ಕೇಳಿದರು.

ಹೆಸರನ್ನು ಶಂಕ್ರೆವ್ವ ಯೋಚಿಸಿಯೇ ಇರಲಿಲ್ಲ. ತೊದಲುವಷ್ಟರಲ್ಲಿ ಲಗಮಿ ಹೇಳಿದಳು:

"ಕುಂಚಿಗಿರಿ. ಇದರಿಂದ ನಮ್ಮ ವೈನಿ ಬಸುರಾಗಿದ್ರು. ಆಮ್ಯಾಲ ಇಲ್ಲಾದ್ರು."

ಶಮ್ಶುನ್ನೀಸಾ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಾಯಿಯವರು ಕನ್ನಡಕ ತೆಗೆದು, "ಏನಂದಿ ಮರಿ?" ಎಂದರು. ಲಗಮಿಗೆ ಎರಡನೆಯ ಸಲ ಕೇಳಬೇಕಾಗಿಲ್ಲ. ಹಾಲು, ಹುಣಸೆಕಾಯಿ, ಎತ್ತಿನ ಗಂಟೆ, ಯಾವುದನ್ನೂ ಬಿಡದೆ ಹೇಳಿದಳು. ಬಾಯಿಯವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿಸಿ, ಮತ್ತೆ ಕನ್ನಡಕ ಹಾಕಿಕೊಂಡು, ಮತ್ತೊಮ್ಮೆ ಎಲ್ಲ ಹೊಲಿಗೆಯನ್ನೂ ಜಗ್ಗಿ ನೋಡಿದರು. ಒಂದೂ ಸಡಿಲವಿರಲಿಲ್ಲ.

ಫಲಿತಾಂಶ ಬರುವಷ್ಟರಲ್ಲಿ ಚಳಿ ಜೋರಾಗಿತ್ತು. ಶಂಕ್ರೆವ್ವ ಪಾಸು, ಅದೂ ಮೊದಲನೆಯ ದರ್ಜೆಯಲ್ಲಿ. ಓಡಿ ಬಂದು ಹೇಳಿದಾಗ ರೇವಣಪ್ಪ ಸೊಸೆಯ ಕಡೆ ನೇರ ನೋಡಿ, "ಚಲೋ ಆತು" ಎಂದ. ಸಾತವ್ವ ಆ ಮಾತನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಪರೀಕ್ಷೆಗೆಂದು ಒಪ್ಪಿಸಿದ್ದ ಕಾಲು ಅಳತೆಯ ಹೊದಿಕೆಯನ್ನು ಟೀಚರ್ ಹಿಂದಕ್ಕೆ ಕೊಟ್ಟಿದ್ದರು. ಅದರ ಖಣ ಬೇರೆ ಯಾವುದಕ್ಕಾದರೂ ಬಂದೀತು ಎಂದು ಶಂಕ್ರೆವ್ವ ಹೊಲಿಗೆ ಬಿಚ್ಚಲು ಕತ್ತರಿ ಹಿಡಿದಳು. ಕಸ್ತೂರೆವ್ವ ಬಂದು ಕೈ ಹಿಡಿದಳು.

"ಬಿಚ್ಚಬ್ಯಾಡ. ಇಲ್ಲಿ ಕೊಡು."

"ಇದು ಕೂಸಿಗೂ ಸಾಲೂದಿಲ್ರಿ ಅತ್ತಿ."

"ಇರಲಿ. ಬ್ಯಾರೇದು ಹೊಲಿಯುವಾಗ ಹೊಲೀವಂತಿ. ಅವಸರೇನೂ ಇಲ್ಲ." ಕಸ್ತೂರೆವ್ವ ಅದನ್ನು ಅರಿಷಿಣ ಕುಂಕುಮದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. "ಮುಂದ ನಾ ಕೇಳೂದಿಲ್ಲ, ಚೀಲಾನೂ ತೆಗೆದು ನೋಡೂದಿಲ್ಲ. ನೀನ ನನಗ ಹೇಳಬೇಕು. ಎಲ್ಲರಕಿಂತ ಮೊದಲ."

"ಹೇಳ್ತೇನ್ರಿ. ಪದ್ಧತಿ ಬ್ಯಾಡ ಅಂದ್ರೂ ಹೇಳ್ತೇನಿ."

ಕಸ್ತೂರೆವ್ವ ಹೋಗಲಿಲ್ಲ. ಮಿಷನ್ನಿನ ಹತ್ತಿರ ನಿಂತು ಅದರ ಗಾಲಿಯ ಮೇಲೆ ಸುಮ್ಮನೆ ಕೈಯಾಡಿಸಿದಳು.

"ಏನ್ರಿ ಅತ್ತಿ?"

"ಏನಿಲ್ಲ. ಮುಂಜಾನೆ ಎಮ್ಮಿ ಹಿಂಡಾಕ ಹೋದ್ರ ಥಂಡಿಗಿ ಕಿವಿ ಸೇದ್ತಾವು. ಆ ಲಗಮೀದು ಕೊಪ್ಪಿ ಐತಲ್ಲ..." ಎಂದು ಗೋಡೆಯ ಕಡೆ ನೋಡಿದಳು. "ಸಾದಾದ್ದು. ಖಣ ಗಿಣ ಏನೂ ಬ್ಯಾಡ."

ಶಂಕ್ರೆವ್ವ ಕೊರಳಿಗೆ ಹಾಕಿಕೊಂಡಿದ್ದ ಟೇಪು ತೆಗೆದಳು. ಕಸ್ತೂರೆವ್ವನಿಗೆ ಹುಟ್ಟಿದಾಗಿನಿಂದ ಯಾರೂ ಅಳತೆ ಹಿಡಿದಿರಲಿಲ್ಲ. ಹಳೆಯ ಕುಪ್ಪಸ ಕೊಟ್ಟರೆ ಹೊಸದು ಬರುತ್ತಿತ್ತು, ಅಷ್ಟೇ. ಈಗ ಸೊಸೆಯ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ, ಕುಗ್ಗಿ, ನಾಚಿ ನಿಂತಳು.

"ನೆಟ್ಟಗ ನಿಂದರ್ರಿ ಅತ್ತಿ. ಕುಗ್ಗಿದ್ರ ಅಳತಿ ತಪ್ತೈತಿ."

ಕಸ್ತೂರೆವ್ವ ನೆಟ್ಟಗೆ ನಿಂತಳು. "ಪೂರಾ ಅಳತಿ ತಗೋ ಮತ್ತ" ಎಂದಳು. "ಕಾಲು ಅಳತಿ ಹೊಲಿದಿಟ್ಟು ಊರಾಗ ಏನರೆ ಸುದ್ದಿ ಎಬ್ಬಿಸಿಬಿಟ್ಟೀ. ಈ ವಯಸ್ಸಿನ್ಯಾಗ ನಾ ಮಂದಿಗಿ ಮುಖಾ ತೋರಸೂದು ಹೆಂಗ?"